ಏಳು ಮೊಳದ ದಾರಿಯೇ ನಮ್ಮ ಕೃತಜ್ಞತೆ

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ನದಿಯ ವಂಕಿಯಿಂದ ಬಂದ ವಂಕಿಪುರವೇ ಜನರ ಬಾಯಲ್ಲಿ ಬೆಂಕಿಪುರವಾಯಿತೆಂದು ಹೇಳುವವರೂ ಇದ್ದಾರೆ. ಹೆಸರು ಹೇಗೇ ಬಂದಿರಲಿ, 1918ರಲ್ಲಿ ಮೈಸೂರು ಸಂಸ್ಥಾನವು ಇಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಆರಂಭಿಸಿದ ಬಳಿಕ ಈ ಊರು ಆ ಹೆಸರಿಗೆ ತಕ್ಕಂತೆಯೇ ಬದುಕಿತು. ಕಾರ್ಖಾನೆಯ ಕುಲುಮೆ ಉರಿದರೆ ಸಾವಿರಾರು ಮನೆಗಳ ಒಲೆ ಉರಿಯುತ್ತಿತ್ತು. ಕುಲುಮೆ ತಣ್ಣಗಾದ ದಿನ ಒಲೆಗಳೂ ತಣ್ಣಗಾಗುತ್ತಿದ್ದವು. ಇಂಥ ಊರಿನ ಜನರಿಗೆ ಬೆಂಕಿಯ ಉಪಕಾರವನ್ನಾಗಲಿ, ಅದರ ಕ್ರೌರ್ಯವನ್ನಾಗಲಿ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಆದರೂ ಒಂದು ಪ್ರಶ್ನೆಯನ್ನು ಕೇಳಲೇಬೇಕಾಗಿದೆ. ಇದೇ ಊರಿನ ಓಲ್ಡ್ ಟೌನ್‌ನ ಗಲ್ಲಿಯೊಂದರಲ್ಲಿ ಇಂದು ರಾತ್ರಿ ಎರಡು ಗಂಟೆಗೆ ಅಡುಗೆ ಅನಿಲ ಸೋರಿ ಮನೆಗೆ ಬೆಂಕಿ ಬಿದ್ದರೆ, ಅಗ್ನಿಶಾಮಕ ವಾಹನವು ಆ ಮನೆಯ ಬಾಗಿಲವರೆಗೆ ತಲುಪೀತೇ?

ಉತ್ತರ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ನಾವು ನೆಮ್ಮದಿಯಿಂದ ನಿದ್ರಿಸುತ್ತೇವೆ. ಇದು ಭದ್ರಾವತಿಯ ಓಲ್ಡ್ ಟೌನ್‌ಗೆ ಸೀಮಿತವಾದ ಮಾತಲ್ಲ. ಶಿವಮೊಗ್ಗದ ಹಳೆಯ ಮೊಹಲ್ಲಾಗಳಿಗೂ ರಾಜ್ಯದ ಯಾವುದೇ ಪಟ್ಟಣದ ಹಳೆಯ ಪೇಟೆಗೂ ಇದು ಅನ್ವಯಿಸುತ್ತದೆ. ಅಗ್ನಿಶಾಮಕ ಸಿಬ್ಬಂದಿಯ ಸಾಹಸವನ್ನು ಹೊಗಳಲು ನಮಗೆ ಬರುತ್ತದೆ. ಅವರು ಬರುವ ದಾರಿಯನ್ನು ಬಿಟ್ಟುಕೊಡಲು ಮಾತ್ರ ಬರುವುದಿಲ್ಲ. ಹೊಗಳಿಕೆಗೆ ಖರ್ಚಿಲ್ಲ, ದಾರಿಗೆ ಖರ್ಚಿದೆ ಎಂಬುದೇ ಇದಕ್ಕೆ ಕಾರಣವಲ್ಲವೇ?

ಪ್ರತಿ ವರ್ಷ ಎಪ್ರಿಲ್ 14ರಂದು ದೇಶದಲ್ಲಿ ಅಗ್ನಿಶಾಮಕ ಸೇವಾ ದಿನವನ್ನು ಆಚರಿಸಲಾಗುತ್ತದೆ. ಅಂದಿನಿಂದ ಎಪ್ರಿಲ್ 20ರ ವರೆಗೆ ಅಗ್ನಿಶಾಮಕ ಸಪ್ತಾಹ. ಈ ದಿನಕ್ಕೆ ಕಾರಣವಾದ ಘಟನೆ ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. 1944ರ ಎಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಲಂಗರು ಹಾಕಿದ್ದ ಫೋರ್ಟ್ ಸ್ಟಿಕಿನ್ ಎಂಬ ಹಡಗಿನಲ್ಲಿ ಬೆಂಕಿ ಕಾಣಿಸಿಕೊಂಡಿತು. ಅದರೊಳಗೆ ಹತ್ತಿಯ ಮೂಟೆಗಳೂ ಇದ್ದವು, ಸುಮಾರು 1,400 ಟನ್ ಸ್ಫೋಟಕಗಳೂ ಇದ್ದವು. ಅಗ್ನಿಶಾಮಕ ಸಿಬ್ಬಂದಿ ಹಡಗನ್ನು ಬಿಟ್ಟು ಓಡಲಿಲ್ಲ, ನೀರು ಹಾಯಿಸುತ್ತಲೇ ಇದ್ದರು. ಸಂಜೆ ನಾಲ್ಕು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ ಹಡಗು ಸಿಡಿಯಿತು. 66 ಮಂದಿ ಅಗ್ನಿಶಾಮಕ ಸಿಬ್ಬಂದಿ ಪ್ರಾಣ ತೆತ್ತರು. ಅವರ ನೆನಪಿಗೇ ಈ ದಿನ. ಆದರೆ ನಮ್ಮ ಮೊಹಲ್ಲಾಗಳಲ್ಲಿ ಎಪ್ರಿಲ್ 14 ಯಾವ ಸದ್ದೂ ಇಲ್ಲದೆ ಕಳೆದುಹೋಗುತ್ತದೆ.

ಆಪತ್ತು ಬಂದಾಗ ಮನುಷ್ಯನ ಸಹಜ ಗುಣ ಓಡುವುದು. ಎಲ್ಲರೂ ಹೊರಗೆ ಓಡುವಾಗ ಒಳಗೆ ನುಗ್ಗುವವನೇ ಅಗ್ನಿಶಾಮಕ ಸಿಬ್ಬಂದಿ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಗೋಪುರಗಳಿಂದ ಸಾವಿರಾರು ಜನರು ಮೆಟ್ಟಿಲಿಳಿದು ಬರುತ್ತಿದ್ದಾಗ ಅದೇ ಮೆಟ್ಟಿಲುಗಳನ್ನು ಹತ್ತಿ ಹೋದವರು ಆ ನಗರದ ಅಗ್ನಿಶಾಮಕ ದಳದವರು. ಅವರಲ್ಲಿ 343 ಮಂದಿ ಮರಳಲಿಲ್ಲ. ಅದೇ ದಿನ ಯಾರ ಆದೇಶಕ್ಕೂ ಕಾಯದೆ ಗಾಯಾಳುಗಳ ನೆರವಿಗೆ ಅಲ್ಲಿಗೆ ಧಾವಿಸಿದ ಮುಹಮ್ಮದ್ ಸಲ್ಮಾನ್ ಹಮ್ದಾನಿ ಎಂಬ 23ರ ಹರೆಯದ ಮುಸ್ಲಿಮ್ ಯುವಕನೂ ಮರಳಲಿಲ್ಲ. ಆತ ನಾಪತ್ತೆಯಾದಾಗ ಕೆಲವರು ಆತನನ್ನೇ ಸಂಶಯಿಸಿದರು. ಮುಂದಿನ ವರ್ಷ ಆತನ ಅವಶೇಷಗಳನ್ನು ಗುರುತಿಸಿದ ಬಳಿಕವಷ್ಟೇ ಆ ಬಾಯಿಗಳು ಮುಚ್ಚಿದವು.

ದೂರದ ಮಾತೇಕೆ? 2010ರ ಮೇ 22ರಂದು ದುಬೈಯಿಂದ ಬಂದ ವಿಮಾನವು ಮಂಗಳೂರಿನಲ್ಲಿ ರನ್‌ವೇ ದಾಟಿ ಕಣಿವೆಗೆ ಉರುಳಿ ಹೊತ್ತಿ ಉರಿದಾಗ 158 ಮಂದಿ ಮೃತಪಟ್ಟರು. ಕರಾವಳಿಯ ಮತ್ತು ಕಾಸರಗೋಡಿನ ಎಷ್ಟೋ ಮುಸ್ಲಿಮ್ ಮನೆಗಳಿಗೆ ಅಂದು ಸಾವು ಬಂದಿತ್ತು. ಆ ಕಣಿವೆಗಿಳಿದು ನಮ್ಮವರ ದೇಹಗಳನ್ನು ಎತ್ತಿ ತಂದವರು ಸುತ್ತಲಿನ ಹಳ್ಳಿಗಳ ಜನರು ಮತ್ತು ಅಗ್ನಿಶಾಮಕ ಸಿಬ್ಬಂದಿ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡ್ಗಿಚ್ಚನ್ನು ನಂದಿಸಲು ಹೋದ ಮುರಿಗೆಪ್ಪ ಎಂಬ ಯುವ ಅರಣ್ಯ ರಕ್ಷಕ ಬೆಂಕಿಯಲ್ಲೇ ಕೊನೆಯುಸಿರೆಳೆದರು. ಅವರದು ಬೇರೆ ಇಲಾಖೆ, ಆದರೆ ಅದೇ ಕೆಲಸ. 2020ರಲ್ಲಿ ಕೊರೋನಾ ಹೆಸರಿನಲ್ಲಿ ಮಸೀದಿಗಳನ್ನೂ ಮುಸ್ಲಿಮರನ್ನೂ ಟಿ.ವಿ. ವಾಹಿನಿಗಳು ಹಗಲಿರುಳು ನಿಂದಿಸುತ್ತಿದ್ದ ದಿನಗಳಲ್ಲಿ ರಾಜ್ಯದ ಊರೂರುಗಳಲ್ಲಿ ಅಗ್ನಿಶಾಮಕ ವಾಹನಗಳು ಬೀದಿಗಿಳಿದು ಸೋಂಕುನಿವಾರಕ ಸಿಂಪಡಿಸಿದವು. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಕಲ್ಲು ಗಣಿಗಾರಿಕೆಗೆ ತಂದಿದ್ದ ಸ್ಫೋಟಕ ಸಿಡಿದಾಗ ಭೂಕಂಪವೆಂದು ಬೆದರಿ ನಾವೆಲ್ಲ ಮನೆಯಿಂದ ಹೊರಗೆ ಓಡಿದೆವು. ಅದೇ ರಾತ್ರಿ, ಇನ್ನೆಷ್ಟು ಸ್ಫೋಟಕ ಸಿಡಿಯಲು ಬಾಕಿ ಇದೆಯೆಂದು ತಿಳಿಯದ ಆ ಕತ್ತಲಿಗೆ ಹೋಗಬೇಕಾಗಿ ಬಂದವರೂ ಇದ್ದರು. ಅವರಿಗೂ ಹೆಂಡತಿ ಮಕ್ಕಳಿರಲಿಲ್ಲವೇ?

ನಮ್ಮ ಜಿಲ್ಲೆ ಬೇರೊಂದು ಬೆಂಕಿಯನ್ನೂ ಕಂಡಿದೆ. 2010ರ ಮಾರ್ಚ್ 1ರಂದು ಪತ್ರಿಕಾ ಲೇಖನವೊಂದರ ನೆಪದಲ್ಲಿ ಶಿವಮೊಗ್ಗ ಉರಿಯಿತು. 2022ರ ಫೆಬ್ರವರಿಯಲ್ಲಿ ಮತ್ತೆ ವಾಹನಗಳು ಬೂದಿಯಾದವು. ಅಂಥ ದಿನಗಳಲ್ಲಿ ಬೆಂಕಿ ಹಚ್ಚಿದವನ ಧರ್ಮ ಯಾವುದೆಂದು ಎಲ್ಲರೂ ಕೇಳುತ್ತಾರೆ. ಆರಿಸಿದವನ ಧರ್ಮ ಯಾವುದೆಂದು ಯಾರೂ ಕೇಳುವುದಿಲ್ಲ. ಹಚ್ಚುವವರಿಗೆ ನಾಯಕರಿದ್ದಾರೆ, ವಕೀಲರಿದ್ದಾರೆ, ಮೆರವಣಿಗೆಯಿದೆ, ಹೂಮಾಲೆಯಿದೆ. ಆರಿಸುವವನಿಗೆ ಮಸಿ ಹಿಡಿದ ಸಮವಸ್ತ್ರ ಮಾತ್ರ. ಬೆಂಕಿ ಹಚ್ಚುವುದು ರಾಜಕೀಯವಾಗಿರುವ ಕಾಲದಲ್ಲಿ ಬೆಂಕಿ ಆರಿಸುವುದನ್ನೇ ವೃತ್ತಿಯಾಗಿ ಆರಿಸಿಕೊಂಡವರಿಗೆ ಸಮಾಜವು ಎದ್ದುನಿಂತು ಗೌರವ ಸಲ್ಲಿಸಬೇಕಲ್ಲವೇ?

ಇಲ್ಲಿ ಕೆಲವರು ಮೂಗು ಮುರಿಯುತ್ತಾರೆ. ‘ಅವರೇನು ಧರ್ಮಕ್ಕೆ ಮಾಡುತ್ತಾರೆಯೇ? ಸಂಬಳ ಪಡೆಯುವುದಿಲ್ಲವೇ?’ ಎಂದು ಕೇಳುತ್ತಾರೆ. ಸಂಬಳ ಖಂಡಿತ ಪಡೆಯುತ್ತಾರೆ. ಆದರೆ ಹೊಗೆ ತುಂಬಿದ ಕೋಣೆಗೆ, ಯಾವ ಕ್ಷಣದಲ್ಲೂ ಕುಸಿಯಬಹುದಾದ ಛಾವಣಿಯ ಕೆಳಗೆ ನುಗ್ಗಲು ಎಷ್ಟು ಸಂಬಳ ನ್ಯಾಯವೆಂದು ಈ ಲೆಕ್ಕಿಗರು ಹೇಳಲಿ. ಅದೇ ಸಂಬಳಕ್ಕೆ ತಮ್ಮ ಮಗನನ್ನು ಆ ಕೋಣೆಗೆ ಕಳುಹಿಸುತ್ತಾರೆಯೇ ಎಂಬುದನ್ನೂ ಹೇಳಲಿ. ಸಂಬಳವು ದುಡಿಮೆಯ ಬೆಲೆ, ಪ್ರಾಣದ ಬೆಲೆಯಲ್ಲ. ಜನರಿಗೆ ಕೃತಜ್ಞನಾಗದವನು ಅಲ್ಲಾಹನಿಗೂ ಕೃತಜ್ಞನಾಗಲಾರನು ಎಂಬರ್ಥದ ಪ್ರವಾದಿ ವಚನ ನಮ್ಮ ಮಕ್ಕಳಿಗೂ ಗೊತ್ತು. ಆ ವಚನದಲ್ಲಿ ಜನರೆಂದರೆ ಮುಸ್ಲಿಮರು ಮಾತ್ರ ಎಂದೋ, ಸಂಬಳವಿಲ್ಲದೆ ದುಡಿಯುವವರು ಮಾತ್ರ ಎಂದೋ ಷರತ್ತಿಲ್ಲ.

ನಮ್ಮ ಧರ್ಮಶಾಸ್ತ್ರ ಈ ವಿಷಯದಲ್ಲಿ ಎಷ್ಟು ಮುಂದಿದೆ ಎಂಬುದನ್ನು ನೋಡಬೇಕು. ನಮಾಝಿನಲ್ಲಿ ನಿಂತಿರುವವನ ಕಣ್ಣೆದುರು ಒಬ್ಬನು ನೀರಿನಲ್ಲಿ ಮುಳುಗುತ್ತಿದ್ದರೆ ಅಥವಾ ಬೆಂಕಿಗೆ ಸಿಲುಕಿದ್ದರೆ, ಅವನನ್ನು ರಕ್ಷಿಸಲು ಶಕ್ತನಾದವನು ಫರ್ಝ್ ನಮಾಝನ್ನೇ ಮುರಿದು ಓಡಬೇಕೆಂದು ಫಿಕ್‌ಹ್ ಗ್ರಂಥಗಳು ವಿಧಿಸುತ್ತವೆ. ದೇವನ ಮುಂದೆ ಕೈಕಟ್ಟಿ ನಿಂತವನನ್ನೂ ಬಿಡಿಸಿಕೊಂಡು ಬರುವಷ್ಟು ದೊಡ್ಡದು ಒಂದು ಜೀವದ ಕೂಗು. ಒಂದು ಜೀವವನ್ನು ಉಳಿಸಿದವನ ಸ್ಥಾನ ಎಷ್ಟು ಎತ್ತರದ್ದು ಎಂಬುದಕ್ಕೆ ಪವಿತ್ರ ಕುರ್‌ಆನಿನ ಅಲ್ ಮಾಇದಃ ಅಧ್ಯಾಯದ 32ನೇ ಸೂಕ್ತವೇ ಸಾಕು. ಆ ಸೂಕ್ತವನ್ನು ನಾವು ಸೌಹಾರ್ದ ಸಭೆಗಳ ಬ್ಯಾನರಿನಲ್ಲಿ ಮುದ್ರಿಸುತ್ತೇವೆ. ಆ ಬ್ಯಾನರನ್ನು ಕಟ್ಟುವುದೂ ಗಲ್ಲಿಗೆ ಅಡ್ಡವಾಗಿಯೇ!

ಫರ್ಝ್ ಕಿಫಾಯಃ ಎಂಬ ಇನ್ನೊಂದು ನಿಯಮವಿದೆ. ಅದು ಇಡೀ ಸಮುದಾಯದ ಮೇಲಿರುವ ಕಡ್ಡಾಯ ಹೊಣೆ. ಕೆಲವರು ನಿರ್ವಹಿಸಿದರೆ ಉಳಿದವರ ಹೆಗಲಿನಿಂದ ಇಳಿಯುತ್ತದೆ. ಯಾರೂ ನಿರ್ವಹಿಸದಿದ್ದರೆ ಎಲ್ಲರೂ ಪಾಪಿಗಳು. ಜನಾಝಃ ನಮಾಝನ್ನು ನಾವು ಇದಕ್ಕೆ ಉದಾಹರಣೆಯಾಗಿ ಕಲಿಯುತ್ತೇವೆ. ಸತ್ತವನಿಗಾಗಿ ನಿಲ್ಲುವುದು ಫರ್ಝ್ ಕಿಫಾಯಃ ಆಗಿರುವಾಗ, ಬದುಕಿರುವವನು ಸಾಯದಂತೆ ತಡೆಯುವುದು ಅದಕ್ಕಿಂತ ಕಡಿಮೆಯೇ? ಬೆಂಕಿಗೆ ಸಿಲುಕಿದ ನೆರೆಯವನನ್ನು ರಕ್ಷಿಸುವ ಹೊಣೆ ಓಲ್ಡ್ ಟೌನ್‌ನ ಪ್ರತಿಯೊಬ್ಬನ ಮೇಲಿತ್ತು. ಆ ಹೊಣೆಯನ್ನು ನಮ್ಮ ಪರವಾಗಿ ಹೊತ್ತವರು ಅಗ್ನಿಶಾಮಕ ಠಾಣೆಯವರು. ಆದ್ದರಿಂದ ಅವರಿಗೆ ನಾವು ಸಲ್ಲಿಸಬೇಕಾದುದು ಔದಾರ್ಯದ ಮಾತಲ್ಲ. ಅದು ಸಾಲ. ಸಾಲವನ್ನು ಶಾಲು ಹೊದಿಸಿ ತೀರಿಸಲಾಗುವುದಿಲ್ಲ.

ಹಾಗಾದರೆ ಹೇಗೆ ತೀರಿಸುವುದು? ಅವರ ಕೆಲಸ ನಡೆಯುವ ಬಗೆಯನ್ನು ತಿಳಿದರೆ ಉತ್ತರ ತಾನಾಗಿ ಸಿಗುತ್ತದೆ. ಅಗ್ನಿಶಾಮಕ ವಾಹನದ ಅಗಲ ಸುಮಾರು ಎಂಟು ಅಡಿ. ಸಾಮಾನ್ಯ ವಾಹನವೊಂದು ಸುಮಾರು 4,500 ಲೀಟರ್ ನೀರು ಹೊತ್ತು ಬರುತ್ತದೆ. ಪೈಪಿನಿಂದ ನಿಮಿಷಕ್ಕೆ ನೂರಾರು ಲೀಟರ್ ಚಿಮ್ಮುವಾಗ ಆ ನೀರು ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಆಗ ಮೊದಲ ವಾಹನ ಹಿಂದಕ್ಕೆ ಸರಿದು ಎರಡನೆಯದು ಮುಂದೆ ಬರಬೇಕು. ಗಲ್ಲಿಯ ಬಾಯಲ್ಲೇ ವಾಹನ ನಿಂತರೆ, ಹದಿನೈದು ಮೀಟರ್ ಉದ್ದದ ಪೈಪುಗಳನ್ನು ಒಂದಕ್ಕೊಂದು ಜೋಡಿಸುತ್ತಾ ಮನೆಯವರೆಗೆ ಎಳೆದೊಯ್ಯಬೇಕು. ಇನ್ನೂರು ಮೀಟರ್ ದೂರಕ್ಕೆ ಹದಿನಾಲ್ಕು ಪೈಪು ಬೇಕು. ಉದ್ದ ಹೆಚ್ಚಿದಂತೆ ನೀರಿನ ಒತ್ತಡ ಕುಗ್ಗುತ್ತದೆ. ಈ ನಡುವೆ ಬೆಂಕಿ ಕಾಯುತ್ತಾ ಕುಳಿತಿರುವುದಿಲ್ಲ. ಮಂಚ, ಬಟ್ಟೆ, ಪ್ಲಾಸ್ಟಿಕ್ ತುಂಬಿದ ಇಂದಿನ ಕೋಣೆ ಕೆಲವೇ ನಿಮಿಷಗಳಲ್ಲಿ ನೆಲದಿಂದ ಛಾವಣಿಯವರೆಗೆ ಒಮ್ಮೆಲೇ ಹೊತ್ತಿಕೊಳ್ಳಬಲ್ಲದು.

ಇಲ್ಲಿಯೇ ನಾವು ಯೋಚಿಸದ ಒಂದು ಸತ್ಯವಿದೆ. ದಾರಿಯಲ್ಲಿ ಕಳೆದುಹೋದ ಪ್ರತಿ ನಿಮಿಷವೂ ಒಳಗಿರುವವನ ಆಯುಷ್ಯವನ್ನು ಮಾತ್ರವಲ್ಲ, ಒಳಗೆ ಹೋಗಲಿರುವವನ ಆಯುಷ್ಯವನ್ನೂ ಕಡಿಮೆ ಮಾಡುತ್ತದೆ. ಬೇಗ ತಲುಪಿದ್ದರೆ ಒಂದು ಕೋಣೆಯ ಬೆಂಕಿಯನ್ನು ಎದುರಿಸಬೇಕಾಗಿದ್ದವನು ತಡವಾದುದರಿಂದ ಇಡೀ ಮನೆಯ ಬೆಂಕಿಯನ್ನು ಎದುರಿಸಬೇಕಾಗುತ್ತದೆ. ಅಂದರೆ, ಗಲ್ಲಿಗೆ ಅಡ್ಡವಾಗಿ ನಮ್ಮ ಕಾರನ್ನು ನಿಲ್ಲಿಸಿ, ಮರುದಿನ ಅಗ್ನಿಶಾಮಕ ಸಿಬ್ಬಂದಿಯ ಸಾಹಸದ ವೀಡಿಯೋವನ್ನು ವಾಟ್ಸ್ಆ್ಯಪ್‌ನಲ್ಲಿ ಹಂಚುವವನು ತಾನೇ ಹೆಚ್ಚಿಸಿದ ಅಪಾಯಕ್ಕೆ ತಾನೇ ಚಪ್ಪಾಳೆ ತಟ್ಟುತ್ತಿರುತ್ತಾನೆ.

ಇನ್ನು ನಮ್ಮ ಗಲ್ಲಿಗಳನ್ನು ನೋಡೋಣ. ಮನೆ ಕಟ್ಟುವಾಗ ನೆಲದಲ್ಲಿ ಒಂದು ಅಡಿ ಮುಂದೆ, ಮೊದಲ ಮಹಡಿಯಲ್ಲಿ ಎರಡು ಅಡಿ ಮುಂದೆ. ಎದುರು ಮನೆಯವನೂ ಹಾಗೆಯೇ. ಮೆಟ್ಟಿಲು ರಸ್ತೆಯಲ್ಲಿ, ನೀರಿನ ಡ್ರಮ್ಮು ರಸ್ತೆಯಲ್ಲಿ, ಅಂಗಡಿಯ ಸಾಮಾನು ರಸ್ತೆಯಲ್ಲಿ, ರಾತ್ರಿ ಬೈಕುಗಳ ಸಾಲು ರಸ್ತೆಯಲ್ಲಿ. ಮದುವೆ ಬಂದರೆ ಮೂರು ದಿನ ಗಲ್ಲಿಯ ಈ ತುದಿಯಿಂದ ಆ ತುದಿಯವರೆಗೆ ಶಾಮಿಯಾನ, ಅದರಡಿಯಲ್ಲೇ ಬಿರಿಯಾನಿಯ ದೇಗಿನ ಬೆಂಕಿ. ಹಬ್ಬ ಬಂದರೆ ಕಮಾನು, ತೋರಣ, ಜೋತಾಡುವ ವಿದ್ಯುತ್ ತಂತಿಗಳು. ಇದು ಒಂದು ಸಮುದಾಯದ ರೋಗವಲ್ಲ. ಎಲ್ಲ ಧರ್ಮದವರ ಬೀದಿಗಳೂ ಹೀಗೆಯೇ ಇವೆ. ಆದರೆ ದಾರಿಯಿಂದ ಮುಳ್ಳನ್ನು ಸರಿಸುವುದನ್ನು ಈಮಾನಿನ ಶಾಖೆಯೆಂದು ನಂಬಿರುವ ಸಮುದಾಯವು ದಾರಿಯನ್ನೇ ನುಂಗುವಾಗ ಅದು ಬರೀ ನಾಗರಿಕ ಪ್ರಜ್ಞೆಯ ಕೊರತೆಯಾಗಿ ಉಳಿಯುವುದಿಲ್ಲ. ಜುಮಾ ದಿನ ಮಸೀದಿಯ ಮುಂದಿನ ರಸ್ತೆಯಲ್ಲಿ ನಿಂತಿರುವ ವಾಹನಗಳು ಯಾರವು? ಒಳಗೆ ದಾರಿಯ ಹಕ್ಕಿನ ಬಗ್ಗೆ ಖುತ್ಬಾ ಕೇಳುತ್ತಿರುವವರವೇ ಅಲ್ಲವೇ?

ಜನರು ದಾರಿಯ ಅಗಲದ ಬಗ್ಗೆ ತಕರಾರು ಮಾಡಿದಾಗ ಪ್ರವಾದಿ ಮುಹಮ್ಮದ್(ಸ)ರು ಅದನ್ನು ಏಳು ಮೊಳವೆಂದು ತೀರ್ಮಾನಿಸಿದರೆಂದು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಮೊಳಕ್ಕೆ ಒಂದೂವರೆ ಅಡಿಯಂತೆ ಲೆಕ್ಕ ಹಾಕಿದರೆ ಹತ್ತೂವರೆ ಅಡಿ. ಇಂದಿನ ಅಗ್ನಿಶಾಮಕ ವಾಹನ ಎಂಟು ಅಡಿ. ಎರಡೂ ಬದಿಯಲ್ಲಿ ಒಂದಡಿಗಿಂತ ತುಸು ಹೆಚ್ಚು ಜಾಗ ಉಳಿಯುತ್ತದೆ! ಹೊರೆ ಹೊತ್ತ ಒಂಟೆಗಳು ನಡೆಯುತ್ತಿದ್ದ ಕಾಲದ ಆ ಅಳತೆ ಹದಿನಾಲ್ಕು ಶತಮಾನಗಳ ಬಳಿಕವೂ ಒಂದು ಜೀವ ಉಳಿಸಲು ಸಾಕಾಗುತ್ತದೆ. ಯುದ್ಧಯಾತ್ರೆಯೊಂದರಲ್ಲಿ ಬಿಡಾರ ಹೂಡಿದವರು ದಾರಿಯನ್ನು ಇಕ್ಕಟ್ಟುಗೊಳಿಸಿದಾಗ, ಅಂಥವರ ಜಿಹಾದ್‌ಗೆ ಬೆಲೆಯಿಲ್ಲವೆಂದು ಪ್ರವಾದಿ(ಸ)ರು ಸಾರಿಸಿದ ಪ್ರಸಂಗ ಅಬೂದಾವೂದ್ ಗ್ರಂಥದಲ್ಲಿದೆ. ಅಂಥ ತ್ಯಾಗವೇ ದಾರಿ ತಡೆದವನಿಗೆ ಫಲ ನೀಡದಿದ್ದರೆ, ಗಲ್ಲಿಯನ್ನು ಮುಚ್ಚಿ ನಡೆಸಿದ ವಲೀಮಾಕ್ಕೆ ಬರಕತ್ ಎಲ್ಲಿಂದ ಬರಬೇಕು?

ದಾರಿಯ ಇಕ್ಕಟ್ಟು ಏನು ಮಾಡಬಲ್ಲದೆಂಬುದಕ್ಕೆ ಕಲ್ಪನೆ ಬೇಕಿಲ್ಲ. 2019ರ ಡಿಸೆಂಬರ್ 8ರ ಮುಂಜಾನೆ ದೆಹಲಿಯ ಅನಾಜ್ ಮಂಡಿಯ ಕಟ್ಟಡವೊಂದಕ್ಕೆ ಬೆಂಕಿ ಬಿತ್ತು. ಒಳಗೆ ಮಲಗಿದ್ದವರು ಹೊಟ್ಟೆಪಾಡಿಗಾಗಿ ಬಂದ ಕಾರ್ಮಿಕರು. ಹೆಚ್ಚಿನವರು ಬಿಹಾರದವರು, ಅನೇಕರು ಮುಸ್ಲಿಮರು. ಗಲ್ಲಿಗಳು ಎಷ್ಟು ಕಿರಿದಾಗಿದ್ದವೆಂದರೆ ಅಗ್ನಿಶಾಮಕ ವಾಹನಗಳು ಹತ್ತಿರ ಹೋಗಲಾರದಾದವು. ಸಿಬ್ಬಂದಿ ಜನರನ್ನು ಹೆಗಲ ಮೇಲೆ ಹೊತ್ತು ಗಲ್ಲಿ ದಾಟಿಸಿದರು. ಮೊದಲು ಒಳನುಗ್ಗಿದ ಅಗ್ನಿಶಾಮಕ ಸಿಬ್ಬಂದಿ ರಾಜೇಶ್ ಶುಕ್ಲಾ ಕಾಲಿಗೆ ಗಾಯವಾದರೂ ಹನ್ನೊಂದು ಮಂದಿಯನ್ನು ಹೊರತಂದರು. ಆದರೂ 43 ಮಂದಿ ಉಳಿಯಲಿಲ್ಲ. ಶುಕ್ಲಾ ಹೊತ್ತು ತಂದವರ ಹೆಸರನ್ನು ಕೇಳಲಿಲ್ಲ. ಹೆಸರು ಕೇಳಿ ಹೊಡೆಯುವವರ ಬಗ್ಗೆ ಪುಟಗಟ್ಟಲೆ ಬರೆಯುವ ನಾವು, ಹೆಸರು ಕೇಳದೆ ಹೊರುವವರ ಬಗ್ಗೆಯೂ ಬರೆಯಬೇಕಾದುದು ನ್ಯಾಯ.

2025ರ ಮೇ 18ರಂದು ಹೈದರಾಬಾದಿನ ಚಾರ್‌ಮಿನಾರ್ ಬಳಿಯ ಗುಲ್ಝಾರ್ ಹೌಝ್‌ನಲ್ಲಿ ಹಿಂದೂ ವ್ಯಾಪಾರಿ ಕುಟುಂಬವೊಂದರ 17 ಮಂದಿ ಬೆಂಕಿ ಮತ್ತು ಹೊಗೆಗೆ ಬಲಿಯಾದರು. ಅವರಲ್ಲಿ ಎಂಟು ಮಕ್ಕಳಿದ್ದರು. ಆ ಮನೆಗೆ ಇದ್ದುದು ಒಂದೇ ಇಕ್ಕಟ್ಟಾದ ಪ್ರವೇಶ. ಅಗ್ನಿಶಾಮಕ ದಳ ಬರುವ ಮುನ್ನವೇ ಅವರನ್ನು ಉಳಿಸಲು ಹೆಣಗಿದವರು ನೆರೆಹೊರೆಯ ಮುಸ್ಲಿಮ್ ಯುವಕರು. ಅದೇ ವರ್ಷದ ಆಗಸ್ಟ್ 16ರಂದು ಬೆಂಗಳೂರಿನ ನಗರ್ತಪೇಟೆಯ ಇಕ್ಕಟ್ಟಿನಲ್ಲಿ ಐವರು ಪ್ರಾಣ ಕಳಕೊಂಡರು. ಊರು ಬೇರೆ, ಧರ್ಮ ಬೇರೆ, ಭಾಷೆ ಬೇರೆ. ಇಕ್ಕಟ್ಟು ಮಾತ್ರ ಒಂದೇ.

ಈ ಮಾತನ್ನು ಎತ್ತಿದೊಡನೆ ಸಮುದಾಯದೊಳಗಿಂದ ಬರುವ ಆಕ್ಷೇಪ ಸಣ್ಣದಲ್ಲ. ‘ದೇಶದಲ್ಲಿ ಬುಲ್ಡೋಝರ್ ಯಾರ ಮನೆಯ ಮೇಲೆ ಹರಿಯುತ್ತಿದೆ ಎಂಬುದು ಗೊತ್ತಿದ್ದೂ ಒತ್ತುವರಿಯ ಮಾತನ್ನು ನೀವೇ ಎತ್ತುತ್ತೀರಾ? ವೈರಿಗಳ ಕೈಗೆ ಕೋಲು ಕೊಡುತ್ತೀರಾ?’ ಈ ಆತಂಕ ನಿಜ. ಶಿಕ್ಷೆಯ ರೂಪದಲ್ಲಿ ಮನೆಗಳನ್ನು ಕೆಡವಿದ ಅನ್ಯಾಯವನ್ನು ದೇಶ ಕಂಡಿದೆ. 2024ರ ನವೆಂಬರ್ 13ರಂದು ಸುಪ್ರೀಮ್ ಕೋರ್ಟ್ ಅದಕ್ಕೆ ಕಡಿವಾಣ ಹಾಕಿ, ಕೆಡವುವ ಮುನ್ನ ಹದಿನೈದು ದಿನಗಳ ನೋಟೀಸು ನೀಡಬೇಕೆಂದು ಆದೇಶಿಸಿತು. ಆದರೆ ಅದೇ ತೀರ್ಪಿನ ಇನ್ನೊಂದು ವಾಕ್ಯವನ್ನು ನಮ್ಮ ಭಾಷಣಕಾರರು ಓದುವುದಿಲ್ಲ. ರಸ್ತೆ, ಬೀದಿ, ಕಾಲುದಾರಿಯಂಥ ಸಾರ್ವಜನಿಕ ಜಾಗದಲ್ಲಿರುವ ಅನಧಿಕೃತ ಕಟ್ಟಡಗಳಿಗೆ ಈ ರಕ್ಷಣೆ ಅನ್ವಯಿಸುವುದಿಲ್ಲ ಎಂದು ಅದರಲ್ಲಿದೆ. ಹಾಗಿರುವಾಗ ವೈರಿಯ ಕೈಗೆ ಕೋಲು ಕೊಡುತ್ತಿರುವವರು ಯಾರು? ದಾರಿಯನ್ನು ತೆರವುಗೊಳಿಸಿರೆಂದು ಹೇಳುವವರೋ ಅಥವಾ ದಾರಿಯಲ್ಲೇ ಮೆಟ್ಟಿಲು ಕಟ್ಟಿ ಕುಳಿತವರೋ? ಬುಲ್ಡೋಝರ್ ಬರುವ ಮುನ್ನ ನಾವೇ ಸುತ್ತಿಗೆ ಎತ್ತಿಕೊಂಡರೆ ಅದು ಸೋಲಲ್ಲ, ಮರ್ಯಾದೆ. ಕಾನೂನಿನ ಭಯದಿಂದ ಬಿಟ್ಟುಕೊಟ್ಟ ಜಾಗಕ್ಕೆ ಪುಣ್ಯವಿಲ್ಲ. ನೆರೆಯವನ ಜೀವಕ್ಕಾಗಿ ಬಿಟ್ಟುಕೊಟ್ಟ ಜಾಗಕ್ಕೆ ಪುಣ್ಯವಿದೆ.

ಇನ್ನೊಂದು ಆಕ್ಷೇಪ ವಿಧಿಯದು. ‘ಎಲ್ಲವೂ ತಕ್ದೀರ್, ಬೆಂಕಿಯಲ್ಲಿ ಸತ್ತವನು ಶಹೀದ್’ ಎಂದು ಹೇಳಿ ಚಾದರ ಹೊದ್ದು ಮಲಗುವವರಿದ್ದಾರೆ. ಬೆಂಕಿಗೆ ಆಹುತಿಯಾದವನಿಗೆ ಶಹೀದನ ಸ್ಥಾನವಿದೆ ಎಂದು ಹದೀಸ್‌ನಲ್ಲಿರುವುದು ನಿಜ. ಅದು ಸಂಕಟದಲ್ಲಿರುವ ಮನೆಮಂದಿಗೆ ಸಾಂತ್ವನ. ದಾರಿ ಮುಚ್ಚಿದ ನೆರೆಯವನಿಗೆ ಅದು ಕ್ಷಮಾಪತ್ರವಲ್ಲ. ಮದೀನಾದಲ್ಲಿ ರಾತ್ರಿ ಮನೆಯೊಂದು ಮನೆಮಂದಿಯ ಸಮೇತ ಸುಟ್ಟುಹೋದ ಸುದ್ದಿ ಬಂದಾಗ ಪ್ರವಾದಿ(ಸ)ರು ವಿಧಿಯ ಬಗ್ಗೆ ಪ್ರವಚನ ಕೊಡಲಿಲ್ಲ. ಬೆಂಕಿ ನಿಮ್ಮ ಶತ್ರು, ಮಲಗುವ ಮುನ್ನ ಅದನ್ನು ಆರಿಸಿರಿ ಎಂಬ ತಾಕೀತು ಮಾಡಿದರು. ಪ್ಲೇಗ್ ಹಬ್ಬಿದ ಸಿರಿಯಾದ ಗಡಿಯಿಂದ ಉಮರ್(ರ)ರು ಜನರೊಂದಿಗೆ ಹಿಂದಿರುಗಿದ್ದು ವಿಧಿಯನ್ನು ನಂಬದೆ ಅಲ್ಲ. ವಿಧಿಯಲ್ಲಿ ನಂಬಿಕೆ ಇರುವವನು ಸಿಲಿಂಡರಿನ ರೆಗ್ಯುಲೇಟರನ್ನು ಬಂದ್ ಮಾಡಿ ಮಲಗುತ್ತಾನೆ.

‘ಸರಕಾರ ನಮ್ಮ ಮೊಹಲ್ಲಾಗಳನ್ನು ಕಡೆಗಣಿಸಿದೆ’ ಎಂಬುದು ಮೂರನೆಯ ಮಾತು. ಇದು ಪೂರ್ತಿ ಒಪ್ಪಬೇಕಾದ ಮಾತು, ಆದರೆ ಇಲ್ಲಿಗೇ ನಿಲ್ಲಬಾರದ ಮಾತು. ಅಗ್ನಿಶಾಮಕ ಸೇವೆಯು ಸಂವಿಧಾನದ ಹನ್ನೆರಡನೇ ಅನುಸೂಚಿಯಲ್ಲಿ ನಗರಾಡಳಿತದ ವಿಷಯಗಳ ಪಟ್ಟಿಯಲ್ಲಿದೆ. ರಾಜ್ಯಗಳ ಅಗ್ನಿಶಾಮಕ ಸೇವೆಯ ವಿಸ್ತರಣೆ ಮತ್ತು ಆಧುನೀಕರಣಕ್ಕಾಗಿ ಕೇಂದ್ರ ಸರಕಾರ 2023ರಲ್ಲಿ 5,000 ಕೋಟಿ ರೂಪಾಯಿಯ ಯೋಜನೆಯನ್ನು ಆರಂಭಿಸಿತು. ಇಕ್ಕಟ್ಟಾದ ಗಲ್ಲಿಗಳಿಗೆಂದೇ ಮೋಟಾರ್ ಬೈಕಿನ ಮೇಲೆ ಜೋಡಿಸಿದ ಸಣ್ಣ ಉಪಕರಣಗಳನ್ನು ದೇಶದ ಹಲವು ನಗರಗಳು ಬಳಸುತ್ತಿವೆ. ನಮ್ಮ ಠಾಣೆಯಲ್ಲಿ ಮಂಜೂರಾದ ಹುದ್ದೆಗಳೆಷ್ಟು, ಭರ್ತಿಯಾದುವೆಷ್ಟು? ವಾಹನಗಳ ವಯಸ್ಸೆಷ್ಟು? ಹಳೆಯ ಬಡಾವಣೆಗಳಲ್ಲಿ ನೀರು ತುಂಬಿಸಿಕೊಳ್ಳುವ ವ್ಯವಸ್ಥೆ ಎಲ್ಲಿದೆ? 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿಯ ಅರ್ಜಿ ಹಾಕಿ ಇವನ್ನು ಕೇಳಬಹುದು. ಎಷ್ಟು ಮಂದಿ ಕೇಳಿದ್ದೇವೆ? ಚುನಾವಣೆಯ ಹೊತ್ತಿಗೆ ಓಲ್ಡ್ ಟೌನ್‌ಗೆ ಬರುವ ಅಭ್ಯರ್ಥಿಗಳಲ್ಲಿ ಶಾದಿಮಹಲನ್ನು ಕೇಳುತ್ತೇವೆ, ಕಬರಸ್ಥಾನಕ್ಕೆ ಕಾಂಪೌಂಡು ಕೇಳುತ್ತೇವೆ. ಬದುಕಿರುವವರನ್ನು ಉಳಿಸುವ ವಾಹನವನ್ನು ಕೇಳುವುದಿಲ್ಲ. ಅಗ್ನಿಶಾಮಕ ಸಿಬ್ಬಂದಿಯನ್ನು ಹೊಗಳುವ ಮಂತ್ರಿಗಳೂ ಇದೇ ಸಾಲಿನಲ್ಲಿದ್ದಾರೆ. ಹಳೆಯ ವಾಹನ ಮತ್ತು ಕಡಿಮೆ ಜನರನ್ನು ಕೊಟ್ಟು ಪದಕ ಹಂಚುವ ಸರಕಾರಕ್ಕೂ ದಾರಿ ಮುಚ್ಚಿ ಶಾಲು ಹೊದಿಸುವ ಜನತೆಗೂ ಏನು ವ್ಯತ್ಯಾಸ?

ಸರಕಾರಿ ಸೇವೆಗಳಲ್ಲಿ ಮುಸ್ಲಿಮರ ಪಾಲು ಜನಸಂಖ್ಯೆಗೆ ಹೋಲಿಸಿದರೆ ಎಷ್ಟು ಕಡಿಮೆ ಎಂಬುದನ್ನು 2006ರಲ್ಲಿ ಸಾಚಾರ್ ಸಮಿತಿ ದೇಶದ ಮುಂದಿಟ್ಟಿತು. ಆ ವರದಿಯನ್ನು ಹಿಡಿದು ಭಾಷಣ ಮಾಡಿದಷ್ಟು ಶ್ರಮವನ್ನು ನಮ್ಮ ಹುಡುಗರಿಂದ ಅರ್ಜಿ ಹಾಕಿಸಲು ನಾವು ವ್ಯಯಿಸಲಿಲ್ಲ. ಗಟ್ಟಿಮುಟ್ಟಾದ, ಪಿಯುಸಿ ಮುಗಿಸಿದ ಯುವಕರು ಪ್ರತಿ ಗಲ್ಲಿಯಲ್ಲೂ ಇದ್ದಾರೆ. ಗಲ್ಫ್ ವೀಸಾಕ್ಕೆ ಕಾಯುವ ಅವರಿಗೆ ಅಗ್ನಿಶಾಮಕ ಇಲಾಖೆಯಲ್ಲೂ ನೇಮಕಾತಿ ನಡೆಯುತ್ತದೆಂದು ಮಸೀದಿಯ ಫಲಕದಲ್ಲಿ ಬರೆದು ತಿಳಿಸುವವರಿಲ್ಲ. ಫರ್ಝ್ ಕಿಫಾಯಃವನ್ನು ಸಂಬಳ ಸಮೇತ ನಿರ್ವಹಿಸುವ ಅವಕಾಶವಿದು. ಬೇರೆಯವರ ಮಕ್ಕಳು ನಮಗಾಗಿ ಬೆಂಕಿಗೆ ನುಗ್ಗಲಿ, ನಮ್ಮ ಮಕ್ಕಳು ಸುರಕ್ಷಿತವಾಗಿರಲಿ ಎಂಬ ಮನೋಭಾವದಿಂದ ಯಾವ ಸಮುದಾಯಕ್ಕೂ ಗೌರವ ಸಿಗಲಾರದು.

ಮಸೀದಿ ಕಮಿಟಿಗಳು ಮನಸ್ಸು ಮಾಡಿದರೆ ಒಂದೇ ತಿಂಗಳಲ್ಲಿ ಮೊಹಲ್ಲಾದ ಚಿತ್ರವನ್ನು ಬದಲಿಸಬಲ್ಲವು. ಏಳು ಮೊಳದ ಒಂದು ಬಿದಿರಿನ ಗಳವನ್ನು ಅಳತೆಗೆ ತುಂಡರಿಸಿ, ಮುತವಲ್ಲಿಗಳೂ ಖತೀಬರೂ ಯುವಕರೊಂದಿಗೆ ಗಲ್ಲಿ ಗಲ್ಲಿ ಸುತ್ತಲಿ. ಗಳ ಎಲ್ಲಿ ತಡೆಯುತ್ತದೋ ಅಲ್ಲಿ ನಿಂತು ಮನೆಯವರೊಂದಿಗೆ ಮಾತನಾಡಲಿ. ಮೊದಲ ತಡೆ ಮಸೀದಿಯ ಮೆಟ್ಟಿಲೋ ಮಸೀದಿಯ ಅಂಗಡಿಯ ಚಪ್ಪರವೋ ಆಗಿದ್ದರೆ ಕೆಲಸ ಅಲ್ಲಿಂದಲೇ ಆರಂಭವಾಗಲಿ. ಗೋಡೆ ಹಿಂದಕ್ಕೆ ಸರಿಯಲಾರದ ಗಲ್ಲಿಗಳಲ್ಲಿ ಕನಿಷ್ಠ ಡ್ರಮ್ಮು, ಬೈಕು, ಸಾಮಾನುಗಳಾದರೂ ಸರಿಯಲಿ. ಗಲ್ಲಿಯ ಬಾಯಲ್ಲಿ ರಾತ್ರಿ ವಾಹನ ನಿಲ್ಲಿಸದಂತೆ ಜಮಾಅತ್ ನಿರ್ಣಯ ಮಾಡಲಿ. ರಸ್ತೆಯನ್ನು ಪೂರ್ತಿ ಮುಚ್ಚಿ ಶಾಮಿಯಾನ ಹಾಕುವ ನಿಕಾಹ್‌ಗೆ ಕಮಿಟಿಯವರು ಹೋಗದಿರಲಿ. ಒಂದು ವರ್ಷದಲ್ಲಿ ಆ ಸಂಪ್ರದಾಯ ತಾನಾಗಿ ನಿಲ್ಲುತ್ತದೆ.

ಮಸೀದಿಗಳಲ್ಲಿ ವುಝೂಗಾಗಿ ದೊಡ್ಡ ನೀರಿನ ಟ್ಯಾಂಕುಗಳಿವೆ, ಕೊಳವೆ ಬಾವಿಗಳಿವೆ. ಅಗ್ನಿಶಾಮಕ ವಾಹನ ಅಲ್ಲಿಂದ ನೀರು ತುಂಬಿಸಿಕೊಳ್ಳಲು ಸಾಧ್ಯವೇ ಎಂದು ಠಾಣೆಯವರನ್ನು ಕರೆಸಿ ಕೇಳಲಿ, ಅದಕ್ಕೆ ಬೇಕಾದ ಜೋಡಣೆಯನ್ನು ಮಾಡಿಸಲಿ. ವುಝೂವಿನ ನೀರು ಹಿಂದೂ ನೆರೆಯವನ ಮನೆಯ ಬೆಂಕಿಯನ್ನು ಆರಿಸಿದರೆ ಅದಕ್ಕಿಂತ ದೊಡ್ಡ ಸೌಹಾರ್ದ ಸಭೆ ಬೇರೇನಿದೆ? ಎಪ್ರಿಲ್ ಸಪ್ತಾಹದಲ್ಲಿ ಠಾಣಾಧಿಕಾರಿಯನ್ನು ಮಸೀದಿಯ ಅಂಗಳಕ್ಕೆ ಆಮಂತ್ರಿಸಿ, ಮಹಿಳೆಯರಿಗೂ ಮದ್ರಸ ಮಕ್ಕಳಿಗೂ ಅವರಿಂದಲೇ ತರಬೇತಿ ಕೊಡಿಸಲಿ. ಅಡುಗೆ ಅನಿಲ ಗಾಳಿಗಿಂತ ಭಾರ, ಅದು ನೆಲದ ಮೇಲೆ ಹರಡುತ್ತದೆ. ವಾಸನೆ ಬಂದರೆ ಲೈಟಿನ ಸ್ವಿಚ್ ಹಾಕಲೂ ಬಾರದು, ಆರಿಸಲೂ ಬಾರದು. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು ಹೊರಬರಬೇಕು. ಉರಿಯುವ ಎಣ್ಣೆಯ ಬಾಣಲೆಗೆ ನೀರು ಸುರಿಯಬಾರದು. ಕರೆ ಮಾಡಬೇಕಾದ ಸಂಖ್ಯೆ 101 ಅಥವಾ 112. ಇಷ್ಟು ತಿಳಿದ ತಾಯಿಯೊಬ್ಬಳು ಬೆಂಕಿಯನ್ನು ಹುಟ್ಟುವ ಮುನ್ನವೇ ಆರಿಸುತ್ತಾಳೆ. ಅಂದು ಅಗ್ನಿಶಾಮಕ ಠಾಣೆಯ ಯಾವನೋ ಒಬ್ಬನು ಪ್ರಾಣವನ್ನು ಪಣಕ್ಕಿಡದೆ ಮನೆಗೆ ಮರಳುತ್ತಾನೆ. ಅವನಿಗೆ ಸಲ್ಲುವ ಅತ್ಯುತ್ತಮ ಕೃತಜ್ಞತೆ ಅದುವೇ.

ಅವರು ನಮ್ಮಿಂದ ಹೂಮಾಲೆಯನ್ನು ಕೇಳಿಲ್ಲ, ಭಾಷಣವನ್ನು ಕೇಳಿಲ್ಲ, ಪ್ರಶಸ್ತಿಪತ್ರವನ್ನೂ ಕೇಳಿಲ್ಲ. ನಮಗಾಗಿ ಸಾಯಲು ಸಿದ್ಧರಿರುವವರು ಕೇಳುತ್ತಿರುವುದು ಒಳಗೆ ಬರಲು ಮತ್ತು ಜೀವಂತವಾಗಿ ಹೊರಗೆ ಹೋಗಲು ಏಳು ಮೊಳದ ದಾರಿಯನ್ನು ಮಾತ್ರ. ಅದನ್ನೂ ಕೊಡಲಾರದ ಸಮುದಾಯವು ತನ್ನನ್ನು ಉತ್ತಮ ಸಮುದಾಯವೆಂದು ಕರೆದುಕೊಳ್ಳುವ ಮುನ್ನ ಒಮ್ಮೆ ಯೋಚಿಸಲಿ. ಮುಂದಿನ ಶುಕ್ರವಾರ ಜುಮಾಕ್ಕೆ ಹೊರಡುವಾಗ ನಮ್ಮ ವಾಹನವನ್ನು ಎಲ್ಲಿ ನಿಲ್ಲಿಸುತ್ತೇವೆ ಎಂಬಲ್ಲಿಂದಲೇ ಈ ಋಣಸಂದಾಯ ಆರಂಭವಾಗಲಿ.